ಮಗುವಿನ ಕೈಗೊಂದು ನೋಟ್‌ಬುಕ್, ಅಂಗಳದಲ್ಲೊಂದು ಮರ

ಫೆಬ್ರವರಿ ಕೊನೆಯ ವಾರದಲ್ಲಿ ಹಳಿಯಾಳದಿಂದ ದಾಂಡೇಲಿಗೆ ಬಸ್ಸಿನಲ್ಲಿ ಹೋಗಿದ್ದರೆ ನೀವು ಕಿಟಕಿಯಾಚೆ ನೋಡಿಯೇ ಇರುತ್ತೀರಿ. ಎಲೆಯನ್ನೆಲ್ಲ ಉದುರಿಸಿಕೊಂಡ ಮುತ್ತುಗದ ಮರಗಳು ಕೆಂಡ ಹೊತ್ತು ನಿಂತಂತೆ ಕಾಣುತ್ತವೆ. ಬೂರುಗದ ದಪ್ಪ ಹೂಗಳ ಮೇಲೆ ಹಕ್ಕಿಗಳ ಗದ್ದಲ. ತೇಗದ ಒಣ ಎಲೆ ಹಾದಿಯುದ್ದಕ್ಕೂ. ಆ ಹೊತ್ತಿನಲ್ಲಿ ಪಕ್ಕದ ಸೀಟಿನಲ್ಲಿದ್ದ ನಿಮ್ಮ ಮಗ ಅಥವಾ ಮಗಳು ಏನು ನೋಡುತ್ತಿದ್ದರು? ಬಹುಶಃ ನಿಮ್ಮದೇ ಮೊಬೈಲನ್ನು.

ಬೈಯುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ನನ್ನ ಮನೆಯಲ್ಲೂ ಇದೇ ಕಥೆ. ಪರೀಕ್ಷೆ ಮುಗಿದ ಮೇಲೆ ಏಪ್ರಿಲ್, ಮೇ ತಿಂಗಳುಗಳು ಹೇಗೆ ಕಳೆಯುತ್ತವೆ ಎಂಬುದು ತಾಯಂದಿರಿಗೆ ಗೊತ್ತು. ಬೆಳಿಗ್ಗೆ ಮದ್ರಸ, ಆಮೇಲೆ ಮಂಚದ ಮೇಲೆ ಮಲಗಿ ಮೊಬೈಲ್, ಮಧ್ಯಾಹ್ನ ಜಗಳ, ಸಂಜೆ ಮತ್ತೆ ಮೊಬೈಲ್. ಎರಡು ವರ್ಷದ ಹಿಂದೆ ನನ್ನ ದೊಡ್ಡ ಮಗಳು ಶಾಲೆಯ ಬೋರ್ಡಿನ ಅಕ್ಷರ ಕಾಣುವುದಿಲ್ಲ ಎಂದಾಗ ಅವಳನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ಚಷ್ಮಾ ಬರೆದುಕೊಟ್ಟು, "ಸಣ್ಣವನನ್ನಾದರೂ ದಿನಾ ಹೊರಗೆ ಬಿಡಿ" ಎಂದರು. ಆಟಕ್ಕೋ ಎಂದು ಕೇಳಿದೆ. "ಆಟ ಆಡಲಿ, ಸುಮ್ಮನೆ ಕೂರಲಿ, ಬಯಲಿನ ಬೆಳಕಿನಲ್ಲಿ ಇರಬೇಕು ಅಷ್ಟೇ" ಎಂದರು.

ಆ ಮಾತಿಗೆ ಆಧಾರವಿದೆ. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಕಳಿಸಿ ಮೂರು ವರ್ಷ ಗಮನಿಸಿದರು. ಹೀಗೆ ಹೊರಗೆ ಹೋದ ಮಕ್ಕಳಲ್ಲಿ ಶೇಕಡಾ 30ರಷ್ಟು ಮಂದಿಗೆ ಸಮೀಪದೃಷ್ಟಿ ದೋಷ ಬಂತು. ಹೋಗದವರಲ್ಲಿ ಅದು ಶೇಕಡಾ 39ರಿಂದ 40ರಷ್ಟಿತ್ತು. ಈ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ತೈವಾನಿನ ಶಾಲೆಗಳಂತೂ 2010ರಿಂದಲೇ ದಿನಕ್ಕೆ ಎರಡು ಗಂಟೆ ಹೊರಗಿರುವುದನ್ನು ರೂಢಿ ಮಾಡಲು ಹೊರಟಿವೆ. ಈಗಾಗಲೇ ಬಂದ ಚಷ್ಮಾ ಇದರಿಂದ ಇಳಿದುಹೋಗುತ್ತದೆ ಎಂದು ತಿಳಿಯಬೇಡಿ. ಬರುವುದನ್ನು ತಡೆಯುವ ಅಥವಾ ತಡವಾಗಿಸುವ ಉಪಾಯ ಇದು.

ಆದರೆ "ಹೊರಗೆ ಹೋಗು" ಎಂದರೆ ಮಗು ಹೋಗುವುದಿಲ್ಲ. ಹೊರಗೆ ಅದಕ್ಕೊಂದು ಕೆಲಸ ಬೇಕು. ನಮ್ಮ ಮನೆಯಲ್ಲಿ ಆ ಕೆಲಸ ಮೂವತ್ತು ರೂಪಾಯಿಯ ಒಂದು ನೋಟ್‌ಬುಕ್ಕಿನಿಂದ ಶುರುವಾಯಿತು.

ಎಂಟು ಗಂಡು ಗುಬ್ಬಿಗಳ ಲೆಕ್ಕ

ಮುಂಬಯಿಯ ಖೇತ್‌ವಾಡಿಯಲ್ಲಿ ಒಬ್ಬ ಹುಡುಗನಿದ್ದ. ಹುಟ್ಟಿದ್ದು 1896ರಲ್ಲಿ. ಒಂದು ವರ್ಷದವನಿದ್ದಾಗ ತಂದೆ ಹೋದರು, ಮೂರು ವರ್ಷಕ್ಕೆ ತಾಯಿ. ಮಕ್ಕಳಿಲ್ಲದ ಸೋದರಮಾವ ಅಮೀರುದ್ದೀನ್ ತ್ಯಾಬ್‌ಜಿ ಮತ್ತು ಅತ್ತೆ ಹಮೀದಾ ಬೇಗಂ ಅವನನ್ನೂ ಅವನ ಅಣ್ಣ ಅಕ್ಕಂದಿರನ್ನೂ ಸಾಕಿದರು. ಹುಡುಗನಿಗೆ ಏರ್‌ಗನ್ನಿನ ಹುಚ್ಚು. ಲಾಯದ ಗೋಡೆಯ ತೂತಿನಲ್ಲಿ ಗುಬ್ಬಿಯ ಗೂಡಿತ್ತು. ಹೆಣ್ಣು ಒಳಗೆ ಮೊಟ್ಟೆಯ ಮೇಲೆ, ಗಂಡು ಹೊರಗಿನ ಮೊಳೆಯ ಮೇಲೆ ಕಾವಲು. ಹುಡುಗ ಗಾಡಿಯ ಹಿಂದೆ ಅಡಗಿ ಗಂಡನ್ನು ಹೊಡೆದ. ಸ್ವಲ್ಪ ಹೊತ್ತಿನಲ್ಲೇ ಇನ್ನೊಂದು ಗಂಡು ಬಂದು ಅದೇ ಮೊಳೆಯ ಮೇಲೆ ಕೂತಿತು. ಅದನ್ನೂ ಹೊಡೆದ. ಹೀಗೆ ಏಳು ದಿನಗಳಲ್ಲಿ ಎಂಟು ಗಂಡು ಗುಬ್ಬಿ.

ಅವನು ಮಾಡಿದ್ದು ಒಳ್ಳೆಯ ಕೆಲಸವಲ್ಲ. ಆದರೆ ಅವನು ಅದನ್ನು ಬರೆದಿಟ್ಟ: ಎಲ್ಲಿ, ಹೇಗೆ, ಎಷ್ಟು ದಿನದಲ್ಲಿ ಎಷ್ಟು. 1906-07ರ ಸುಮಾರಿನ ಆ ಟಿಪ್ಪಣಿ ದಶಕಗಳ ನಂತರ ಅಚ್ಚಾಯಿತು. ಮುಂದೊಂದು ದಿನ ಅವನು ಹೊಡೆದ ಗುಬ್ಬಿಯ ಕತ್ತಿನ ಮೇಲೆ ಹಳದಿ ಮಚ್ಚೆ ಕಂಡಿತು. ಇದನ್ನು ತಿನ್ನಬಹುದೋ ಇಲ್ಲವೋ ಎಂದು ಅನುಮಾನಪಟ್ಟು ಮಾವನ ಬಳಿಗೆ ಒಯ್ದ. ಮಾವ "ಬಿಸಾಡು" ಎನ್ನಲಿಲ್ಲ, "ನನಗೇನು ಗೊತ್ತು" ಎಂದು ಸುಮ್ಮನಾಗಲೂ ಇಲ್ಲ. ಚೀಟಿ ಕೊಟ್ಟು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮಿಲ್ಲರ್ಡ್ ಸಾಹೇಬರ ಬಳಿ ಕಳಿಸಿದರು. ಆ ಹುಡುಗನೇ ಸಲೀಂ ಅಲಿ. 1941ರಲ್ಲಿ ಬಂದ ಅವರ ಭಾರತದ ಹಕ್ಕಿಗಳ ಪುಸ್ತಕ ಇಂದಿಗೂ ಮಾರಾಟವಾಗುತ್ತಿದೆ. 1985ರಲ್ಲಿ ಬರೆದ ಆತ್ಮಕಥೆಗೆ ಅವರು ಇಟ್ಟ ಹೆಸರಿನಲ್ಲೂ ಆ ಗುಬ್ಬಿ ಇದೆ.

ಈ ಕಥೆಯಲ್ಲಿ ನನಗೆ ಹಿಡಿಸುವುದು ಮಾವನ ಪಾತ್ರ. ಮಗು ಕೈಯಲ್ಲಿ ಏನನ್ನೋ ಹಿಡಿದು "ಇದೇನು?" ಎಂದು ಬಂದಾಗ ನಾವು ಕೊಡುವ ಉತ್ತರದ ಮೇಲೆ ಎಷ್ಟೋ ನಿಂತಿರುತ್ತದೆ. ಅಂದಹಾಗೆ, ಇಂದು ಗುಲೇಲ್‌ನಿಂದ ಹಕ್ಕಿ ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಸಮಸ್ಯೆ ತರಬಲ್ಲ ಕೆಲಸ. ಕಾಡಂಚಿನ ಹಳ್ಳಿಯವರು ಇದನ್ನು ಹುಡುಗರಿಗೆ ಹೇಳಿಯೇ ಇರಬೇಕು.

ಏನು ಬರೆಯಬೇಕು?

ಗೆರೆ ಇಲ್ಲದ ಡ್ರಾಯಿಂಗ್ ಪುಸ್ತಕ ಒಳ್ಳೆಯದು. ಪ್ರತಿ ಪುಟದ ತಲೆಯಲ್ಲಿ ನಾಲ್ಕು ಸಂಗತಿ ಬರಲಿ: ತಾರೀಖು, ಹೊತ್ತು, ಜಾಗ, ಹವೆ. ಕೆಳಗೆ ಮಗು ಕಂಡದ್ದು. "ಹೂ ಚೆಂದ ಇದೆ" ಎಂದು ಬರೆದರೆ, "ಎಷ್ಟು ಎಸಳು? ಯಾವ ವಾಸನೆ? ಅದರ ಮೇಲೆ ಯಾರು ಕೂತಿದ್ದರು?" ಎಂದು ಕೇಳಿ. ಕಾಗುಣಿತ ತಿದ್ದಬೇಡಿ, ಅದು ಶಾಲೆಯ ಕೆಲಸ. ಓದು ಬರಹ ಬಾರದ ಸಣ್ಣ ಮಕ್ಕಳು ಹೇಳಲಿ, ನೀವು ಬರೆಯಿರಿ.

ಕೆಲವು ಮನೆಗಳಲ್ಲಿ ಪ್ರಾಣಿ ಪಕ್ಷಿಗಳ ಚಿತ್ರ ಬಿಡಿಸುವುದನ್ನು ಒಪ್ಪುವುದಿಲ್ಲ. ಅಂಥ ಮನೆಯಲ್ಲೂ ಈ ಪುಸ್ತಕ ತುಂಬುತ್ತದೆ. ಎಲೆಯನ್ನು ಹಾಳೆಯ ಕೆಳಗಿಟ್ಟು ಮೇಲೆ ಪೆನ್ಸಿಲ್ ಉಜ್ಜಿದರೆ ನರನರವೂ ಮೂಡುತ್ತದೆ. ಹಕ್ಕಿಯ ಬದಲು ಅದರ ಗೂಡು, ಕೆಸರಿನಲ್ಲಿ ಬಿಟ್ಟ ಕಾಲಿನ ಗುರುತು, ಕುಕ್ಕಿ ಬಿಟ್ಟ ಪೇರಲ ಹಣ್ಣು ಬರೆಯಬಹುದು. ನಿಜ ಹೇಳಬೇಕೆಂದರೆ ಗಿಳಿಯ ಚಿತ್ರ ಬರೆದ ಮಗುವಿಗಿಂತ ಗಿಳಿ ಕಚ್ಚಿದ ಮಾವಿನಕಾಯಿಯನ್ನು ಬರೆದ ಮಗು ಹೆಚ್ಚು ನೋಡಿರುತ್ತದೆ.

ಒಂದು ಮರವನ್ನು ಮಗು ತನ್ನದೆಂದು ಆರಿಸಿಕೊಳ್ಳಲಿ. ಬಾಡಿಗೆ ಮನೆಯಾದರೆ ಬೀದಿಯ ಬೇವು, ಮಸೀದಿಯ ಆವರಣದ ಹೊಂಗೆ, ಪಕ್ಕದ ಮನೆಯ ಮಾವು ಯಾವುದಾದರೂ ಸರಿ. ವಾರಕ್ಕೊಮ್ಮೆ, ಶುಕ್ರವಾರ ಜುಮಾ ಮುಗಿದ ಮೇಲೆ ಎಂದು ಇಟ್ಟುಕೊಂಡರೆ ಮರೆಯುವುದಿಲ್ಲ. ಹೂ ಇದೆಯೇ, ಚಿಗುರು ಇದೆಯೇ, ಕಾಯಿ ಎಷ್ಟು ದಪ್ಪ, ಎಲೆ ಉದುರಿದೆಯೇ. ಫೆಬ್ರವರಿಯಲ್ಲಿ ಬೋಳಾಗಿದ್ದ ಹೊಂಗೆ ಕೆಲವೇ ವಾರಗಳಲ್ಲಿ ಹೊಳೆಯುವ ತಿಳಿಹಸಿರಾಗುವುದು, ಬೇವು ಹೂಬಿಟ್ಟು ಸಂಜೆ ಇಡೀ ಓಣಿ ಘಮ್ಮೆನ್ನುವುದು, ಏಪ್ರಿಲ್ ಹೊತ್ತಿಗೆ ಕಕ್ಕೆಯ ಹಳದಿ ಗೊಂಚಲು ಇಳಿಬೀಳುವುದು, ಎಲ್ಲಕ್ಕೂ ತಾರೀಖು ಸಿಗುತ್ತದೆ. ನೇಚರ್ ಕನ್ಸರ್ವೇಶನ್ ಫೌಂಡೇಶನ್ ನಡೆಸುವ ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ದೇಶದ ಶಾಲಾಮಕ್ಕಳು ಮಾಡುವುದೂ ಇದನ್ನೇ: ವಾರಕ್ಕೊಮ್ಮೆ ಒಂದು ಮರ. ಹವಾಮಾನ ಬದಲಾದಂತೆ ಮರಗಳ ಹೊತ್ತು ಹೇಗೆ ಬದಲಾಗುತ್ತಿದೆ ಎಂಬುದನ್ನು ಆ ಟಿಪ್ಪಣಿಗಳಿಂದ ತಿಳಿಯುತ್ತಾರೆ.

ಕುಂಡದಲ್ಲಿ ಒಂದು ನಿಂಬೆ ಗಿಡವೋ ಕರಿಬೇವೋ ಇದ್ದರೆ ಅದಕ್ಕಿಂತ ದೊಡ್ಡ ಶಾಲೆ ಬೇಡ. ಎಳೆ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಕಂದು-ಬಿಳಿ ಹುಳು ಕಂಡರೆ ಕಿತ್ತೆಸೆಯಬೇಡಿ. ಶತ್ರುಗಳ ಕಣ್ಣು ತಪ್ಪಿಸಲು ಅದರ ವೇಷ ಹಾಗೆ. ದೊಡ್ಡದಾದ ಮೇಲೆ ಹಸಿರಾಗುತ್ತದೆ, ಆಮೇಲೆ ಕಡ್ಡಿಗೆ ನೂಲಿನ ಪಟ್ಟಿ ಕಟ್ಟಿಕೊಂಡು ಕೋಶವಾಗುತ್ತದೆ. ಮೊಟ್ಟೆಯಿಂದ ಚಿಟ್ಟೆಯವರೆಗೆ ಸುಮಾರು ಒಂದು ತಿಂಗಳು. ನಾಲ್ಕು ಕರಿಬೇವಿನ ಎಲೆ ಹೋದೀತು, ಹೋಗಲಿ.

ನೂರಕ್ಕೂ ಹೆಚ್ಚು ವರ್ಷದ ಹಿಂದೆ ನಮ್ಮದೇ ಜಿಲ್ಲೆಯಲ್ಲಿ ದೊಡ್ಡವರು ಈ ಕೆಲಸ ಮಾಡಿದ್ದಾರೆ. ಕಲೆಕ್ಟರ್ ಆಗಿದ್ದ ಡೇವಿಡ್‌ಸನ್, ಅರಣ್ಯ ಇಲಾಖೆಯ ಟಿ. ಆರ್. ಬೆಲ್, ಸುಂಕ ಮತ್ತು ಉಪ್ಪಿನ ಇಲಾಖೆಯ ಏಟ್ಕಿನ್ ಮೂವರೂ ಹುಳುಗಳನ್ನು ಸಾಕಿ, ಯಾವ ಹುಳು ಯಾವ ಎಲೆ ತಿನ್ನುತ್ತದೆ, ಯಾವುದು ಯಾವ ಚಿಟ್ಟೆಯಾಗುತ್ತದೆ ಎಂದು ಬರೆದಿಟ್ಟರು. ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆಗಳ ಬಗ್ಗೆ ಅವರ ಬರಹ 1896-97ರಲ್ಲಿ ಸಲೀಂ ಅಲಿ ಮುಂದೆ ಸೇರಲಿದ್ದ ಅದೇ ಸೊಸೈಟಿಯ ಪತ್ರಿಕೆಯಲ್ಲಿ ಬಂತು.

ಮೈತುಂಬ ಕೂದಲಿರುವ ಕಂಬಳಿಹುಳು ಮಾತ್ರ ಬೇರೆ. ಅದನ್ನು ದೂರದಿಂದಲೇ ನೋಡಬೇಕು. ನನ್ನ ಮಗ ಒಮ್ಮೆ ಅಂಗಿಯ ಜೇಬಿನಲ್ಲಿ ಹಾಕಿಕೊಂಡು ಬಂದು ರಾತ್ರಿಯಿಡೀ ತುರಿಸಿಕೊಂಡ. ತಾಗಿದರೆ ಉಜ್ಜಬೇಡಿ. ಅಂಟುಪಟ್ಟಿಯನ್ನು ಮೆಲ್ಲಗೆ ಒತ್ತಿ ಎತ್ತಿದರೆ ಕೂದಲು ಬರುತ್ತದೆ, ಆಮೇಲೆ ಸೋಪಿನಿಂದ ತೊಳೆಯಿರಿ. ಬೇಲಿಯ ನಸುಗುನ್ನಿ ಕಾಯಿ ಈ ದಿನಗಳಲ್ಲಿ ಒಣಗಿ ಅದರ ನವೆ ಗಾಳಿಯಲ್ಲೂ ಹಾರುತ್ತದೆ. ಅಂಗಳದ ಕಣಗಿಲೆ, ಔಡಲ ಬೀಜ ವಿಷ. ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ತುಟಿ, ಕೈ ಸುಡುತ್ತದೆ. ಇವಿಷ್ಟನ್ನೂ ಪುಸ್ತಕದ ಕೊನೆಯ ಪುಟದಲ್ಲಿ "ಮುಟ್ಟಬಾರದ್ದು, ತಿನ್ನಬಾರದ್ದು" ಎಂದು ಮಗುವಿನ ಕೈಯಿಂದಲೇ ಬರೆಸಿ. ನೀವು ಹತ್ತು ಸಲ ಹೇಳಿದ್ದಕ್ಕಿಂತ ಅದು ನೆನಪಿರುತ್ತದೆ.

ಸಹರಿಯ ಹೊತ್ತಿನ ಹಕ್ಕಿ, ಅಸರ್‌ನ ನೆರಳು

ಈಚಿನ ವರ್ಷಗಳಲ್ಲಿ ರಮಝಾನ್ ಫೆಬ್ರವರಿ-ಮಾರ್ಚ್ ಸುಮಾರಿಗೆ ಬರುತ್ತಿದೆ. ಸಹರಿಗೆ ಎದ್ದ ಮಕ್ಕಳನ್ನು ಫಜ್ರ್ ಮುಗಿದ ಮೇಲೆ ಐದು ನಿಮಿಷ ಹಿತ್ತಲ ಬಾಗಿಲಲ್ಲಿ ಕೂರಿಸಿ, ಮೊದಲು ಕೂಗಿದ್ದು ಯಾರು ಎಂದು ಬರೆಯಲಿ. ನಮ್ಮ ಕಡೆ ಬಹಳ ಸಲ ಅದು ಮಡಿವಾಳ ಹಕ್ಕಿ, ಕಪ್ಪು-ಬಿಳಿ ಬಣ್ಣದ್ದು, ಇನ್ನೂ ಕತ್ತಲಿರುವಾಗಲೇ ಸಿಳ್ಳೆ ಹಾಕುತ್ತದೆ. ಮಾರ್ಚಿನಲ್ಲಿ ಕೋಗಿಲೆ ಜೋರಾಗುತ್ತದೆ. ಆ "ಕುಹೂ" ಗಂಡಿನದು, ಅದು ಕಪ್ಪು. ಹೆಣ್ಣು ಕಂದು ಬಣ್ಣದ ಚುಕ್ಕಿಯದು, ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುತ್ತದೆ. ಕಾಗೆ ಕೋಗಿಲೆಯನ್ನು ಅಟ್ಟಿಸಿಕೊಂಡು ಹೋಗುವುದನ್ನು ನೋಡಿದರೆ ಕಾರಣ ಮಗುವಿಗೆ ಗೊತ್ತಿರಲಿ.

ದಾಂಡೇಲಿಯ ಮಕ್ಕಳ ಅದೃಷ್ಟ ಬೇರೆಯೇ. ಊರಿನ ಟಿಂಬರ್ ಡಿಪೋ ಸುತ್ತಮುತ್ತಲೇ ಮಂಗಟ್ಟೆ ಹಕ್ಕಿಗಳು ಕಾಣುತ್ತವೆ. ಈ ಭಾಗದಲ್ಲಿ ನಾಲ್ಕು ಜಾತಿಯ ಮಂಗಟ್ಟೆಗಳಿವೆ. ಈ ಋತುವಿನಲ್ಲಿ ಹೆಣ್ಣು ಮರದ ಪೊಟರೆಯೊಳಗೆ ಹೋಗಿ ಬಾಯಿಯನ್ನು ಮುಚ್ಚಿಕೊಂಡು, ಸಣ್ಣ ಸೀಳು ಮಾತ್ರ ಬಿಟ್ಟು, ವಾರಗಟ್ಟಲೆ ಅಲ್ಲೇ ಮೊಟ್ಟೆ-ಮರಿ ನೋಡಿಕೊಳ್ಳುತ್ತದೆ. ಅತ್ತಿ, ಆಲದ ಹಣ್ಣು ತಂದು ಆ ಸೀಳಿನಲ್ಲಿ ಕೊಡುವುದು ಗಂಡಿನ ಕೆಲಸ. ನೀವು ಗೂಡಿನ ಹತ್ತಿರ ಹೋಗಬಾರದು. ತಾರಸಿಯ ಮೇಲೆ ನಿಂತು, ಎಷ್ಟು ಹೊತ್ತಿಗೆ ಎಷ್ಟು ಹಕ್ಕಿ ಯಾವ ದಿಕ್ಕಿಗೆ ಹಾರಿದವು ಎಂದು ಬರೆದರೆ ಸಾಕು. ಮುಂಡಗೋಡಿನವರಿಗೆ ಹತ್ತಿರದಲ್ಲೇ ಅತ್ತಿವೇರಿ ಪಕ್ಷಿಧಾಮವಿದೆ, ಒಂದು ಭಾನುವಾರ ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ಹೋಗಿ.

ಹೊರಗೆ ಕಳಿಸಲು ಮನಸ್ಸಿಲ್ಲದ ಮನೆಗಳಿವೆ, ಮುಖ್ಯವಾಗಿ ದೊಡ್ಡ ಹೆಣ್ಣುಮಕ್ಕಳ ವಿಷಯದಲ್ಲಿ. ತಾರಸಿಗೆ ಯಾವ ಅಡ್ಡಿಯೂ ಇಲ್ಲ. ಅಲ್ಲೊಂದು ಕೋಲು ನೆಟ್ಟರೆ ಅಸರ್‌ನ ಹೊತ್ತನ್ನು ಮಕ್ಕಳೇ ಕಂಡುಹಿಡಿಯಬಲ್ಲರು. ನಡುಮಧ್ಯಾಹ್ನದ ನೆರಳನ್ನು ಕಳೆದು, ಉಳಿದ ನೆರಳು ಕೋಲಿನಷ್ಟೇ ಉದ್ದವಾದಾಗ ಶಾಫಿಈ ಲೆಕ್ಕ, ಎರಡರಷ್ಟಾದಾಗ ಹನಫಿ ಲೆಕ್ಕ. ಮಸೀದಿಯ ವೇಳಾಪಟ್ಟಿಗೆ ಹೋಲಿಸಿ ನೋಡಲಿ. ಏಪ್ರಿಲ್ ಕೊನೆ, ಮೇ ಮೊದಲ ದಿನಗಳಲ್ಲಿ ನಮ್ಮ ನಾಲ್ಕೂ ತಾಲೂಕುಗಳಲ್ಲಿ ಮಧ್ಯಾಹ್ನ 12 ಗಂಟೆ 28 ನಿಮಿಷದ ಆಸುಪಾಸು ಸೂರ್ಯ ನೆತ್ತಿಯ ಮೇಲೆ ಬಂದು ನೆಟ್ಟಗಿನ ಕೋಲಿಗೆ ನೆರಳೇ ಇರುವುದಿಲ್ಲ. ಮುಂಡಗೋಡಿನಲ್ಲಿ ಒಂದು ದಿನ ಮೊದಲು, ಹಳಿಯಾಳದಲ್ಲಿ ಒಂದು ದಿನ ತಡ. ಇದಕ್ಕಾಗಿ ಎರಡು ನಿಮಿಷ ಬಿಸಿಲಿಗೆ ಬಂದರೆ ಸಾಕು. ಉಳಿದ ದಿನ ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕೂವರೆಯ ಮೇಲೆಯೇ ಹೊರಗಿನ ಕೆಲಸ ಆಗಲಿ. ತಲೆಗೆ ಟೊಪ್ಪಿ ಅಥವಾ ದುಪಟ್ಟಾ, ಜೊತೆಗೆ ನೀರಿನ ಬಾಟಲಿ ಇರಲಿ.

ಕಾಡಿಗೆ ಮಾತ್ರ ಬೇಡ

ಇಷ್ಟು ಓದಿದ ಮೇಲೆ ಮಕ್ಕಳನ್ನು ಕರೆದುಕೊಂಡು ಒಣ ಎಲೆ ಬಿದ್ದ ಕಾಡಿನೊಳಗೆ ಹೊರಡಬೇಡಿ. ಈ ಲೇಖನದಲ್ಲಿ "ಮನೆಯಲ್ಲಿ" ಎಂಬುದಕ್ಕೆ ಒತ್ತು ಕೊಟ್ಟಿರುವುದು ಸುಮ್ಮನೆ ಅಲ್ಲ.

ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ನಮ್ಮದೇ ಜಿಲ್ಲೆಯ ಸಿದ್ದಾಪುರ, ಹೊನ್ನಾವರ ಕಡೆ ಅದು ಬಂದಿದೆ. ಗಡಿಯಾಚೆ ಗೋವೆಯ ಸತ್ತರಿಯಲ್ಲೂ ಬಂದಿದೆ. ಹರಡುವುದು ಉಣುಗಿನಿಂದ, ನಮ್ಮ ಕೆಲವು ಕಡೆ ಉಣ್ಣಿ ಎನ್ನುತ್ತಾರೆ. ಅದರ ಎಳೆಯ ಮರಿಗಳು ಸಾಸಿವೆಗಿಂತ ಸಣ್ಣ, ನವೆಂಬರ್‌ನಿಂದ ಮೇವರೆಗಿನ ಒಣ ತಿಂಗಳುಗಳಲ್ಲೇ ಹೆಚ್ಚು. ಅಂದರೆ ನಾವು ಮಕ್ಕಳಿಗೆ ಹೂ ನೋಡು ಎನ್ನುವ ದಿನಗಳೂ ಅವೇ. ಮಂಗ ಸತ್ತುಬಿದ್ದ ಜಾಗದ ಸುತ್ತ ಸೋಂಕಿನ ಉಣುಗುಗಳು ಚದುರಿರುತ್ತವೆ. ಆದ್ದರಿಂದ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ, ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಬೇಕು.

ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಒಮ್ಮೆಲೇ ಜ್ವರ, ವಿಪರೀತ ತಲೆನೋವು, ಮೈಕೈ ನೋವು, ಕೆಲವರಿಗೆ ವಾಂತಿ, ವಸಡು ಅಥವಾ ಮೂಗಿನಿಂದ ರಕ್ತ. ಇದಕ್ಕೆಂದೇ ಪ್ರತ್ಯೇಕ ಔಷಧಿ ಇಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನೂ ನಿಲ್ಲಿಸಲಾಗಿದೆ. ಬೇಗ ಆಸ್ಪತ್ರೆ ಸೇರಿ ಆರೈಕೆ ಪಡೆದವರಲ್ಲಿ ಬಹುಪಾಲು ಜನ ಗುಣವಾಗುತ್ತಾರೆ. ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ, ಹಾಗಾಗಿ ರೋಗಿಯ ಮನೆಯನ್ನು ದೂರ ಇಡಬೇಕಿಲ್ಲ. ಜ್ವರ ಬಂದಾಗ ಡಾಕ್ಟರಿಗೆ "ಮಗು ಕಾಡಂಚಿನಲ್ಲಿ ಆಡಿತ್ತು" ಎಂದು ನೀವಾಗಿಯೇ ಹೇಳಿ. ಇಲ್ಲಿ ನೋಟ್‌ಬುಕ್ ಉಪಯೋಗಕ್ಕೆ ಬರುತ್ತದೆ, ಯಾವ ದಿನ ಎಲ್ಲಿದ್ದೆವು ಎಂಬುದು ಅದರಲ್ಲಿ ಇರುತ್ತದಲ್ಲ.

ಜೋಯಿಡಾದ ಎಷ್ಟೋ ಮನೆಗಳಿಗೆ ಕಾಡೇ ಅಂಗಳ. ಅವರಿಗೆ "ಹೋಗಬೇಡಿ" ಎಂದರೆ ಅರ್ಥವಿಲ್ಲ. ಸೌದೆಗೋ ದನದ ಹಿಂದೆಯೋ ಹೋಗುವವರು ತುಂಬುತೋಳು, ಉದ್ದ ಪ್ಯಾಂಟ್ ಹಾಕಿ ಕಾಲ್ಚೀಲದೊಳಗೆ ಸೇರಿಸಿಕೊಳ್ಳಿ. ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಳ್ಳಿ. ಒಣ ಎಲೆಯ ಮೇಲೆ ಕೂರಬೇಡಿ. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ. ಮಕ್ಕಳ ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಮಂಡಿಯ ಹಿಂದೆ ಬೆಳಕಿನಲ್ಲಿ ನೋಡಿ. ಉಣುಗು ಕಚ್ಚಿಕೊಂಡಿದ್ದರೆ ಬೆಂಕಿಕಡ್ಡಿ, ಸೀಮೆಎಣ್ಣೆ ಪ್ರಯೋಗ ಬೇಡ. ಸಣ್ಣ ಚಿಮುಟದಿಂದ ಚರ್ಮಕ್ಕೆ ಹತ್ತಿರವಾಗಿ ಹಿಡಿದು ನೇರವಾಗಿ ಎಳೆದು, ಜಾಗವನ್ನೂ ಕೈಯನ್ನೂ ಸೋಪಿನಿಂದ ತೊಳೆಯಿರಿ.

ಕಾಳಿ ನದಿಯ ದಂಡೆಯೂ ಮಕ್ಕಳ ಪುಸ್ತಕಕ್ಕೆ ಜಾಗವಲ್ಲ. ದಾಂಡೇಲಿಯಲ್ಲಿ ಮೊಸಳೆಗಳಿವೆ, ಜನರ ಮೇಲೆ ದಾಳಿಯೂ ಆಗಿದೆ. ಸೇತುವೆಯ ಮೇಲಿಂದ, ದೊಡ್ಡವರ ಕೈ ಹಿಡಿದು ನೋಡಲಿ.

ಬೋಗುಣಿಯ ನೀರು

ಗಣೇಶಗುಡಿಯಲ್ಲಿ ಓಲ್ಡ್ ಮ್ಯಾಗಝೀನ್ ಹೌಸ್ ಎಂಬಲ್ಲಿ ಮರದ ಕೆಳಗಿಟ್ಟ ಸಣ್ಣ ನೀರಿನ ತೊಟ್ಟಿಗಳಿಗೆ ಸ್ನಾನಕ್ಕೆ ಬರುವ ಹಕ್ಕಿಗಳನ್ನು ನೋಡಲು ದೂರದೂರಿನಿಂದ ಜನ ಬರುತ್ತಾರೆ. ನಿಮ್ಮ ಮನೆಯ ಹಿತ್ತಲಲ್ಲಿ ಅಗಲವಾದ, ಆಳವಿಲ್ಲದ ಮಣ್ಣಿನ ಬೋಗುಣಿ ಇಟ್ಟರೂ ಹತ್ತು ದಿನದಲ್ಲಿ ಯಾರಾದರೂ ಬರುತ್ತಾರೆ. ಆದರೆ ನೀರು ದಿನಾ ಬದಲಾಗಬೇಕು, ಪಾತ್ರೆಯ ಒಳಬದಿಯನ್ನು ನಾರಿನಿಂದ ಉಜ್ಜಬೇಕು. ಡೆಂಗಿ ಸೊಳ್ಳೆ ಮೊಟ್ಟೆ ಅಂಟಿಸುವುದು ನೀರಿನ ಅಂಚಿನ ಗೋಡೆಗೇ. ಮೊಟ್ಟೆಯಿಂದ ಸೊಳ್ಳೆಯಾಗಲು ಎಂಟು-ಹತ್ತು ದಿನ ಸಾಕು.

ಇದನ್ನೂ ಮಕ್ಕಳ ಕೆಲಸವಾಗಿಸಿ. ವಾರಕ್ಕೊಮ್ಮೆ ಟಾರ್ಚ್ ಹಿಡಿದು ಡ್ರಮ್ಮು, ಟೈರು, ಫ್ರಿಜ್ಜಿನ ಹಿಂದಿನ ತಟ್ಟೆ, ಹೂಕುಂಡದ ತಳ ನೋಡಿ ಬರಲಿ. ತಲೆಕೆಳಗಾಗಿ ಓರೆಯಾಗಿ ತೂಗಾಡುವ ಹುಳುವಿದ್ದರೆ ಡೆಂಗಿ ಸೊಳ್ಳೆಯದ್ದಿರಬಹುದು, ನೀರಿನ ಮೇಲ್ಮೈಗೆ ಸಮವಾಗಿ ಮಲಗಿದ್ದರೆ ಮಲೇರಿಯಾ ಸೊಳ್ಳೆಯ ಜಾತಿ. ಬರೆದುಕೊಂಡು, ನೀರನ್ನು ಒಣ ಮಣ್ಣಿಗೆ ಚೆಲ್ಲಲಿ. ನಮ್ಮ ಓಣಿಯಲ್ಲಿ ಒಂದು ಬೇಸಿಗೆಯಲ್ಲಿ ಮಕ್ಕಳು ಹುಳು ಹಿಡಿದುಕೊಟ್ಟಷ್ಟು ಜಾಗಗಳನ್ನು ದೊಡ್ಡವರ್ಯಾರೂ ಕಂಡಿರಲಿಲ್ಲ. ಅದರಲ್ಲಿ ಒಂದು ನನ್ನದೇ ಮನೆಯ ಒಡೆದ ಬಕೆಟ್.

ಮಣ್ಣಿನಲ್ಲಿ ಆಡುವಾಗ ಚಪ್ಪಲಿ ಇರಲಿ, ಕೊಕ್ಕೆಹುಳು ಬರಿಗಾಲಿನ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಶಾಲೆ, ಅಂಗನವಾಡಿಗಳಲ್ಲಿ ಫೆಬ್ರವರಿ 10 ಮತ್ತು ಆಗಸ್ಟ್ 10ರ ಜಂತುಹುಳು ನಿವಾರಣಾ ದಿನದ ಮಾತ್ರೆಯನ್ನು ತಪ್ಪಿಸಬೇಡಿ. ಬಿದ್ದ ಗರಿ, ಹಿಕ್ಕೆ, ಸತ್ತ ಹಕ್ಕಿಯನ್ನು ಕೈಯಿಂದ ಮುಟ್ಟುವುದು ಬೇಡ. ಉಗುರು ಕತ್ತರಿಸಿರಲಿ. ಪುಸ್ತಕ ಮುಚ್ಚಿದ ಮೇಲೆ ಸೋಪಿನಿಂದ ಇಪ್ಪತ್ತು ಎಣಿಸುವಷ್ಟು ಹೊತ್ತು ಕೈತೊಳೆಯುವುದು ಆ ದಿನದ ಕೊನೆಯ ಕೆಲಸ. ವುಝೂವಿಗೆ ಕೈ ತೊಳೆದೆನಲ್ಲ ಎಂದು ನನ್ನ ಮಗ ವಾದಿಸುತ್ತಾನೆ. ವುಝೂ ವುಝೂವೇ, ಸೋಪು ಸೋಪೇ ಎಂದು ನಾನೂ ಬಿಡುವುದಿಲ್ಲ.

ನಮ್ಮ ಮನೆಯ ಪುಸ್ತಕದಲ್ಲಿ ಈಗೊಂದು ಹೊಸ ಅಭ್ಯಾಸ ಸೇರಿದೆ. ಪ್ರತಿ ಹೆಸರನ್ನೂ ಗೊತ್ತಿರುವಷ್ಟು ಭಾಷೆಯಲ್ಲಿ ಬರೆಯುವುದು. ಮಗಳು ಮುತ್ತುಗದ ಎಲೆಯ ಅಚ್ಚು ತೆಗೆದು ಕನ್ನಡದಲ್ಲಿ ಹೆಸರು ಬರೆದಳು. ಪಕ್ಕದ ಮನೆಯ ಕೊಂಕಣಿ ಅಜ್ಜಿ ಪಳಸ ಎಂದರು. ದಾದಿ ಕನ್ನಡಕ ಹಾಕಿಕೊಂಡು ನೋಡಿ, "ಇದು ಟೇಸು" ಎಂದರು. ಆಮೇಲೆ ತಾವು ಚಿಕ್ಕವರಿದ್ದಾಗ ಮದುವೆ ಮನೆಗಳಿಗೆ ಇದೇ ಎಲೆ ಹೊಲಿದು ಪತ್ರಾವಳಿ ಮಾಡುತ್ತಿದ್ದುದನ್ನು, ಎಲೆಗೆ ಎಷ್ಟು ಕಡ್ಡಿ ಬೇಕು, ಯಾವ ಎಲೆ ಹರಿಯುತ್ತದೆ ಎಂಬುದನ್ನು ಒಂದು ಗಂಟೆ ಹೇಳಿದರು. ಮಗಳು ಮೂರು ಪುಟ ಬರೆದುಕೊಂಡಳು. ಮರುದಿನ ದಾದಿಯೇ ಕೇಳಿದರು, "ಇವತ್ತು ಯಾವ ಎಲೆ ತಂದಿ?"